ನಾಲ್ಕನೆಯ ದಿನದ ನೀರು

"ಇವತ್ತು ನಾಕನೇ ದಿನ. ನೀರು ಹಾಕ್ಕೊಳ್ಳಲೇಬೇಕು," ಎಂದು ತಿರುಮಲಮ್ಮ ಬಾವಿಯ ಹಗ್ಗಕ್ಕೆ ಕೊಡ ಕಟ್ಟಿದಳು.

ಕೊಟ್ಟಿಗೆಯ ಮೂಲೆಯಲ್ಲಿ ಅವಳ ವಿಧವೆ ಸೊಸೆ ಅಂಬುಜ ಜ್ವರದಿಂದ ನಡುಗುತ್ತಿದ್ದಳು. ಬಸುರಿಳಿಸಲು ಅತ್ತೆಯೇ ಯಾರಿಂದಲೋ ಕಡ್ಡಿ ಹಾಕಿಸಿದ್ದಳು. ಅಂದಿನಿಂದ ರಕ್ತ ನಿಂತಿರಲಿಲ್ಲ. ಕುರುಗೋಡಿನ ಆ ಓಣಿಗೆಲ್ಲ ಹೇಳಿದ್ದು ಒಂದೇ ಮಾತು: ಅಂಬುಜ ಮುಟ್ಟಾಗಿ ಹೊರಗೆ ಕೂತಿದ್ದಾಳೆ, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಾಳೆ. ಎಂಥ ಅನುಕೂಲದ ಸುಳ್ಳು! ಮುಟ್ಟಾದವಳ ಹತ್ತಿರ ಯಾರೂ ಸುಳಿಯುವುದಿಲ್ಲ, ಯಾರೂ ಹಣೆ ಮುಟ್ಟಿ ನೋಡುವುದಿಲ್ಲ. ಅವಳನ್ನು ಬಸುರು ಮಾಡಿದ ಮೈದುನ ಜಯತೀರ್ಥನಿಗೆ ಮಾತ್ರ ಯಾವ ಮೈಲಿಗೆಯೂ ಇರಲಿಲ್ಲ. ಅವನು ದೇವರ ಮನೆಯಲ್ಲಿ ಗಂಟೆ ಬಾರಿಸುತ್ತಿದ್ದ.

ಅಡುಗೆಗಿದ್ದ ಮುದುಕಿ ವೆಂಕೂಬಾಯಿ, ತಾನೂ ಗಂಡ ಸತ್ತು ತಲೆ ಬೋಳಿಸಿಕೊಂಡವಳು, ಮಡಿಸೀರೆಯಲ್ಲೇ ಹೋಗಿ ಹುಡುಗಿಯ ಹಣೆ ಮುಟ್ಟಿದಳು. ಸುಡುತ್ತಿತ್ತು.

"ಮುಟ್ಟಿದಿ! ಇನ್ನ ಅಡಗಿ ಯಾರು ಮಾಡ್ತಾರ?" ಎಂದಳು ತಿರುಮಲಮ್ಮ.

"ಬೆಂಕಿ ಬೀಳಲಿ ನಿಮ್ಮ ಅಡಗೀಗೆ! ಇಕಿ ಸಾಯ್ಲಿಕ್ಕೆ ಹತ್ಯಾಳ. ಬಳ್ಳಾರಿ ದವಾಖಾನಿಗೆ ಕರಕೊಂಡು ಹೋಗೋಣ."

"ಅಲ್ಲಿ ದೊರಿ ಡಾಕ್ಟರ್ ಏನಾಗ್ಯದ ಅಂತ ಕೇಳ್ತಾನ. ಏನ್ ಹೇಳ್ತಿ? ಇವತ್ತು ನೀರು ಬೀಳಲಿಲ್ಲಂದ್ರ ಓಣಿಗೆಲ್ಲ ಗೊತ್ತಾಗ್ತದ."

ಅಂಬುಜ ಮುದುಕಿಯ ಸೆರಗು ಹಿಡಿದಳು. "ತಣ್ಣೀರು ಬ್ಯಾಡಂತ ಹೇಳ್ರಿ, ವೆಂಕೂಬಾಯಿ."

"ಬಂಡಿ ತರ್ತೀನಿ ತಾಯಿ. ತಡಿ."

ವೆಂಕೂಬಾಯಿ ಓಡಿ ಹೋದಾಗ, ಆ ಮನೆಯ ಹೊಲ ಮಾಡುತ್ತಿದ್ದ ಜಡೆಪ್ಪ ಆಗಲೇ ನೇಗಿಲಿಗೆ ಎತ್ತು ಹೂಡಿದ್ದ. ವಿಷಯ ಕೇಳಿದ್ದೇ ನೇಗಿಲು ಬಿಚ್ಚಿ ಬಂಡಿ ಕಟ್ಟಿದ.

"ಆಯಮ್ಮನ ಜೀವಕ್ಕಿಂತ ಹೊಲ ದೊಡ್ಡದೇನ್ರವ್ವಾ? ನಡೀರಿ," ಎಂದ. "ಹುಲ್ಲು ಐತಿ, ಹಾಸ್ತೀನಿ. ಕುಲುಕಬಾರ್ದು."

ಹಿತ್ತಲ ಬಾಗಿಲಿಗೆ ಬಂಡಿ ಬರುವಷ್ಟರಲ್ಲಿ ಬಾವಿಕಟ್ಟೆ ತೊಯ್ದಿತ್ತು. ಕೊಡ ಖಾಲಿಯಾಗಿತ್ತು. ಅಂಬುಜ ಕಟ್ಟೆಗೊರಗಿ ಕೂತಿದ್ದಳು. ಒದ್ದೆ ಸೀರೆ ಮೈಗಂಟಿತ್ತು, ನಡುಕ ನಿಂತಿತ್ತು. ವೆಂಕೂಬಾಯಿ ಅವಳ ಮೂಗಿನ ಬಳಿ ಕೈ ಹಿಡಿದಳು. ಉಸಿರಿರಲಿಲ್ಲ.

"ಕೊಂದಿರಿ," ಎಂದಳು. ಆ ಖಾಲಿ ಕೊಡವನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿದಳು.

ಸದ್ದಿಗೆ ಗೋಡೆಯಾಚೆಯಿಂದ ನೆರೆಮನೆಯವಳು ಕೂಗಿದಳು: "ತಿರುಮಲಮ್ಮಾ, ಅಂಬುಜಗ ನೀರಾತೇನ್ರಿ?"

ತಿರುಮಲಮ್ಮ ಸೆರಗು ಸರಿಮಾಡಿಕೊಂಡಳು. "ಹೂಂ, ಆತು."

ಹೊರಗೆ ಜಡೆಪ್ಪ ಬಂಡಿಯಲ್ಲಿ, ತಲೆ ಇಡುವ ಕಡೆಗೆ ಇನ್ನಷ್ಟು ಹುಲ್ಲು ಹಾಕಿ ಅಂಗೈಯಿಂದ ಒತ್ತಿ ನೋಡುತ್ತಿದ್ದ.