ನಾಲ್ಕು ಗೋಡೆಯೊಳಗಿನ ಅಳು

ಕೊರ್ವಾಲ್ ಮನೆತನದವರು ಕತ್ತಿಯ ಬಲದಿಂದ ಮೇಲೆ ಬಂದವರೆಂದು ನಮ್ಮ ಪಾದ್ರಿಗಳು ಊಟಕ್ಕೆ ಕೂತಾಗಲೆಲ್ಲ ಹೊಗಳುತ್ತಾರೆ. ಹೊಗಳಲಿ, ಉಪ್ಪು ತಿಂದ ಮನೆಯಲ್ಲವೇ. ನನ್ನನ್ನು ಕೇಳಿದರೆ ಅವರು ಮೇಲೆ ಬಂದದ್ದು ತೊಟ್ಟಿಲಿನ ಬಲದಿಂದ.

ಇವರ ಹಿರೀಕ ಆಸ್‌ಬರ್ನ್ ಎಂಬುವನು ಸಮುದ್ರ ದಾಟಿ ಬಂದಾಗ ನಾರ್ಮಂಡಿಯ ಯಾವನೋ ದೊಡ್ಡ ದೊರೆಯ ಕುದುರೆಗಳಿಗೆ ಹುಲ್ಲು ಹಾಕಿಕೊಂಡಿದ್ದ. ದೊರೆ ಖುಷಿಯಾಗಿ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡಿದ್ದ ನಮ್ಮ ಇಂಗ್ಲಿಷ್ ಹೆಂಗಸೊಬ್ಬಳನ್ನು ಹೊಲದ ಸಮೇತ ಅವನ ಕೈಗಿಟ್ಟ. ಅಲ್ಲಿಗೆ ರುಚಿ ಹತ್ತಿತು. ಅವನ ಮಗ ಕಟ್ಟಿಕೊಂಡದ್ದು ಗಿರಣಿಯಿದ್ದ ಹುಡುಗಿಯನ್ನು. ಮೊಮ್ಮಗ ದ್ರೋಗೊ ಮೂರು ಸಲ ಮದುವೆಯಾಗಿ, ಮೂವರ ತವರಿನ ಭೂಮಿಯನ್ನೂ ಸೇರಿಸಿ, ವೇಲ್ಸ್ ಗಡಿಯ ಈ ಗುಡ್ಡದ ಮೇಲೆ ಕಲ್ಲಿನ ಕೋಟೆ ಕಟ್ಟಿದ. ಊರಿನವರು ನೇಗಿಲು ಹೂಡಿ ಬೆಳೆ ತೆಗೆದರೆ ಇವರು ಮದುವೆ ಮಾಡಿಕೊಂಡು ಬೆಳೆ ತೆಗೆದರು.

ಇದಕ್ಕೆಲ್ಲ ನಮ್ಮಲ್ಲಿರುವ ಒಂದು ಕಟ್ಟಳೆ ಕಾರಣ. ಅಣ್ಣತಮ್ಮಂದಿರಿಲ್ಲದ ಹೆಣ್ಣು ತವರಿನ ಭೂಮಿಯನ್ನು ಗಂಡನ ಮನೆಗೆ ತಂದಳೆನ್ನಿ. ಮಕ್ಕಳಾಗದೆ ಸತ್ತರೆ ಭೂಮಿ ಅವಳ ತವರಿನ ದಾಯಾದಿಗಳಿಗೆ ವಾಪಸು. ಆದರೆ ಅವಳಿಗೊಂದು ಜೀವಂತ ಮಗು ಹುಟ್ಟಿ, ನಾಲ್ಕು ಗೋಡೆಯೊಳಗೆ ಒಂದೇ ಒಂದು ಸಲ ಅತ್ತದ್ದು ಕೇಳಿಸಿದರೆ ಸಾಕು. ಆ ಮಗು ಮರುಗಳಿಗೆ ಕಣ್ಣು ಮುಚ್ಚಲಿ, ತಾಯಿಯೂ ಅದರ ಹಿಂದೆಯೇ ಹೋಗಲಿ, ಗಂಡ ಬದುಕಿರುವಷ್ಟು ಕಾಲ ಭೂಮಿ ಅವನದೇ. ಅಳು ಕೇಳಿಸಬೇಕಾದದ್ದು ಗಂಡಸರಿಗೆ, ಅದೂ ಹುಟ್ಟಿದ ಹೊತ್ತಿನಲ್ಲೇ; ಆಮೇಲಿನ ಅಳು ಎಲ್ಲಿಂದಲೋ ತಂದ ಮಗುವಿನದಿರಬಹುದು ಎಂದು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆರುವವಳು ಹೆಂಗಸು, ಹೆರಿಸುವವಳು ಹೆಂಗಸು, ಆದರೂ ಮಗು ಅತ್ತಿತೆಂದು ನಾವು ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದರೂ ರಾಜನ ನ್ಯಾಯಸ್ಥಾನಕ್ಕೆ ಅದು ಕಾಗೆಯ ಕೂಗು. ಹೆರಿಗೆ ಕೋಣೆಗೆ ಗಂಡಸು ಕಾಲಿಡುವ ಹಾಗಿಲ್ಲವಾದ್ದರಿಂದ ಅವರು ಗೋಡೆಯಾಚೆ ನಿಂತು ಕಿವಿ ಕೊಡುತ್ತಾರೆ.

ನನ್ನ ಹವೀಸ್ ಈ ಮನೆಗೆ ಬಂದಾಗ ನಮಗೆ ಇಷ್ಟು ಗೊತ್ತಿತ್ತು, ಇದರ ಮುಂದಿನದು ಗೊತ್ತಿರಲಿಲ್ಲ. ನಾನು ಎಲ್ವೀವ, ಅವಳ ದಾದಿ. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಾಗ ಅವಳಿಗೆ ಹಾಲು ಕೊಟ್ಟವಳು ನಾನು. ಅಪ್ಪನೂ ಸತ್ತ ಮೇಲೆ, ನದಿ ದಾಟುವ ಕಡವು ಮತ್ತು ಅದರ ಸುತ್ತಿನ ಹಳ್ಳಿಗಳಿಗೆಲ್ಲ ಅವಳೊಬ್ಬಳೇ ವಾರಸುದಾರಳಾದಳು. ರಾಜ ಅವಳನ್ನು ದ್ರೋಗೊನ ಮಗ ಹಾಮೊನಿಗೆ ಕೊಟ್ಟ. ಹಾಮೊನಿಗೆ ಅದು ಎರಡನೆಯ ಮದುವೆ.

ಮೊದಲನೆಯವಳ ಕಥೆಯನ್ನು ಕೋಟೆಯ ಅಗಸಗಿತ್ತಿ ನನಗೆ ಹೇಳಿದಳು. ಅವೀಸ್ ಎಂದು ಅವಳ ಹೆಸರು, ಅವಳೂ ತವರಿನ ಭೂಮಿ ತಂದವಳೇ. ಅವಳ ಮಗು ಗಟ್ಟಿಯಾಗಿ ಅತ್ತು, ಮಧ್ಯಾಹ್ನದೊಳಗೆ ಸತ್ತಿತು. ಅವೀಸ್ ಚೇತರಿಸಿಕೊಂಡು ಓಡಾಡುತ್ತಿದ್ದಳು. ಸೇಬು ಕೀಳುವ ಕಾಲದಲ್ಲಿ ಒಂದು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದವಳು ಏಳಲಿಲ್ಲ. ‘ಚಳಿಗಾಲಕ್ಕೆ ಮುಂಚೆನೇ ನಿಮ್ಮ ಹುಡುಗೀನ ಕೇಳೋಕೆ ಹೋದ್ರು ಕಣವ್ವಾ,’ ಎಂದು ಅಗಸಗಿತ್ತಿ ಬಟ್ಟೆ ಹಿಂಡುತ್ತ ಹೇಳಿದಳು. ‘ಹೆಂಡ್ತಿ ಬದುಕಿದ್ರೆ ಇನ್ನೊಬ್ಬಳನ್ನ ತರೋಕಾಗಲ್ವಲ್ಲ.’

ನಾನು ಇದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಆದರೆ ಹವೀಸ್ ಬಸುರಿಯಾದ ಸುದ್ದಿ ತಿಳಿದ ದಿನ ಹಾಮೊ ತನ್ನ ಗೆಳೆಯರೊಂದಿಗೆ ಕುಡಿಯುತ್ತ ಕೂತಿದ್ದ. ನದಿಯಾಚೆಯ ವಿಧವೆಯೊಬ್ಬಳಿಗೆ ಎರಡು ಗಿರಣಿ, ಒಂದು ಕಾಡು ಇದೆಯೆಂದು ಯಾರೋ ಮಾತು ತೆಗೆದರು.

‘ತಡಿರಪ್ಪ, ಅವಸರ ಯಾಕೆ?’ ಎಂದ ಹಾಮೊ. ‘ಮೊದ್ಲು ಇವಳು ಹೆರ್ಲಿ.’

ಎಲ್ಲರೂ ಮೇಜು ಕುಟ್ಟಿ ನಕ್ಕರು. ಹವೀಸ್ ಪಕ್ಕದಲ್ಲೇ ಕೂತಿದ್ದಳು. ಅವಳೂ ನಕ್ಕಳು. ಕೋಣೆಗೆ ಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು.

‘ದಾದಮ್ಮ, ಮೊದಲನೆಯವಳು, ಅವೀಸ್, ಹೇಗೆ ಸತ್ತಳು? ನಿನಗೆ ಗೊತ್ತು. ಬಾಯಿ ಬಿಡು.’

ಹೇಳಿದೆ. ಹೇಳದೆ ಏನು ಮಾಡಲಿ?

ಆಮೇಲಿನ ತಿಂಗಳುಗಳ ಕಥೆ ಕೇಳಿ. ಹೆರಿಗೆಗೆ ಮುಂಚೆ ಅವಳು ಸತ್ತರೆ ಕಡವೂ ಹೋಯಿತು, ಹಳ್ಳಿಗಳೂ ಹೋದವು. ಹಾಗಾಗಿ ಅವಳನ್ನು ರಾಜನ ಭಂಡಾರದಂತೆ ಕಾದರು. ಕುದುರೆ ಹತ್ತುವಂತಿಲ್ಲ, ಅಂಗಳಕ್ಕೆ ಇಳಿಯುವಂತಿಲ್ಲ. ಚರ್ಚಿಗೆ ಹೋದರೂ ಆಚೆಯೊಬ್ಬಳು ಈಚೆಯೊಬ್ಬಳು ತೋಳು ಹಿಡಿದಿರುತ್ತಿದ್ದರು. ಅತ್ತೆ ರೊಹೇಸ್ ಸ್ವಂತ ಕೈಯಿಂದ ಕೋಳಿ ಸಾರು ತಂದು ಕುಡಿಸುತ್ತಿದ್ದಳು. ಅಷ್ಟು ಉಪಚಾರ ಕಂಡರೆ ಯಾರಾದರೂ ಇದೇ ಸ್ವರ್ಗ ಎನ್ನಬೇಕು. ಬಲಿ ಕುರಿಗೂ ಹಬ್ಬದವರೆಗೆ ಹಸಿರು ಹುಲ್ಲೇ ಸಿಗುತ್ತದೆ.

ಓಡಿಹೋಗೋಣ ಎಂದೆ. ಎಲ್ಲಿಗೆ? ಸನ್ಯಾಸಿನಿಯರ ಮಠಕ್ಕೆ ಹೋದರೆ ಗಂಡನಿರುವ ಹೆಂಗಸನ್ನು ಅಲ್ಲಿನ ಹಿರಿಯಮ್ಮ ಮರುದಿನವೇ ವಾಪಸು ಕಳಿಸುತ್ತಾಳೆ. ತವರಿನ ದಾಯಾದಿಯೆಂದರೆ ಅವಳ ಚಿಕ್ಕಪ್ಪ; ಅವನಿಗೆ ಅವಳು ಬದುಕುವುದಕ್ಕಿಂತ ಮಗು ಹುಟ್ಟುವ ಮುಂಚೆ ಸಾಯುವುದೇ ಲಾಭ. ಅತ್ತ ದರಿ, ಇತ್ತ ಪುಲಿ. ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ, ಯೋಚಿಸಿದಳು.

‘ಮಗು ಹುಟ್ಟಲಿ,’ ಎಂದಳು ಒಂದು ದಿನ. ‘ಚೆನ್ನಾಗಿರಲಿ. ಅಳಲಿ. ಆದ್ರೆ ಗಂಡಸರಿಗೆ ಕೇಳಿಸಬಾರದು. ಕೇಳಿಸದೇ ಇದ್ರೆ ನಾನು ಸತ್ತ ದಿನ ಭೂಮಿಗಾಗಿ ಚಿಕ್ಕಪ್ಪ ನ್ಯಾಯಸ್ಥಾನಕ್ಕೆ ಬರ್ತಾನೆ, ಮಗು ಅತ್ತದ್ದಕ್ಕೆ ಸಾಕ್ಷಿ ತೋರ್ಸು ಅಂತಾನೆ. ಆ ಹೆದರಿಕೆ ಇರೋವರೆಗೂ ಇವರು ನನ್ನ ಕಾಯಲೇಬೇಕು.’

‘ಕಲ್ಲಿನ ಗೋಡೆ ತೂರಿ ಹೋಗೋ ಅಳು ಕಣೇ ಅದು. ಹೇಗೆ ತಡೀತೀಯ?’

‘ಅತ್ತೆಯ ಜಂಬ ತಡೆಯುತ್ತೆ, ನೋಡ್ತಿರು.’

ಈ ಮನೆಯವರಿಗೆ ಒಂದು ಹುಣ್ಣಿದೆ. ಎಷ್ಟು ಹಳ್ಳಿ ಸೇರಿಸಿದರೂ ಹಳೆಯ ಮನೆತನದವರು ಬೆನ್ನ ಹಿಂದೆ ಇವರನ್ನು ಲಾಯದವರು ಎನ್ನುತ್ತಾರೆ. ದೊಡ್ಡವರು ಹೀಗೆ ಉಣ್ಣುತ್ತಾರೆ ಎಂದರೆ ಇವರೂ ಹಾಗೇ ಉಣ್ಣುವರು, ಹಾಗೆ ಸೀನುತ್ತಾರೆ ಎಂದರೆ ಮೂಗಿಗೆ ಕಡ್ಡಿ ಹಾಕಿಯಾದರೂ ಸೀನುವರು. ಹವೀಸ್ ಒಂದು ಮಧ್ಯಾಹ್ನ ರೊಹೇಸಳ ಮುಂದೆ ಕಸೂತಿ ಹಾಕುತ್ತ ಮಾತು ತೆಗೆದಳು.

‘ಅತ್ತೆ, ನಮ್ಮಮ್ಮ ರಾಣಿಯವರ ಬಾಣಂತನಕ್ಕೆ ಹೋಗಿದ್ದರಂತೆ. ಕೋಣೆಯ ನಾಲ್ಕು ಗೋಡೆಗೂ, ಬಾಗಿಲಿಗೂ, ಕಿಟಕಿಗೂ ಉಣ್ಣೆ ಕಂಬಳಿ ಹೊದಿಸಿ, ಅದರ ಮೇಲೆ ಚಿತ್ರದ ಪರದೆ ಬಿಡ್ತಾರಂತೆ. ಬೀಗದ ಕಣ್ಣಿಗೂ ಬಟ್ಟೆ ತುರುಕ್ತಾರಂತೆ. ಹೋಗಲಿ ಬಿಡಿ, ಅದೆಲ್ಲ ರಾಜಮನೆತನದವರಿಗೆ. ನಮ್ಮಂಥವರಿಗೆ ಯಾಕೆ?’

‘ನಮ್ಮಂಥವರು ಅಂದ್ರೆ ಎಂಥವರೇ?’ ರೊಹೇಸಳ ಸೂಜಿ ನಿಂತಿತು. ‘ನಿಮ್ಮ ತವರಲ್ಲಿ ಇಲ್ಲದಿರಬಹುದು. ಕೊರ್ವಾಲ್ ಮನೆಗೇನು ಕಂಬಳಿಗೆ ಬರವೇ?’

ಅಷ್ಟೇ ಸಾಕಾಯಿತು. ಹೆರಿಗೆ ತಿಂಗಳು ಬರುವಷ್ಟರಲ್ಲಿ ಕೋಣೆ ಉಣ್ಣೆಯ ಚೀಲವಾಗಿತ್ತು. ಕಿಟಕಿಗೆ ಕುರಿತೊಗಲು ಹೊಡೆದು ಮೊಳೆ ಜಡಿದರು. ಬಾಗಿಲಿಗೆ ದಪ್ಪ ಕಂಬಳಿ ಎರಡು ಪದರ. ಒಳಗೆ ಕೂಗಿದರೆ ಕೂಗು ನಮ್ಮ ಬಾಯಿಗೇ ವಾಪಸು ಬಂದಂತಾಗುತ್ತಿತ್ತು. ನೆರೆಹೊರೆಯ ದೊಡ್ಡ ಮನೆಯ ಹೆಂಗಸರನ್ನು ಕರೆಸಿ ರೊಹೇಸ್ ಅದನ್ನು ತೋರಿಸಿದಳು. ನಾನು ಗೋಡೆ ಕಡೆ ತಿರುಗಿ ನಕ್ಕೆ. ಬಹಳ ದಿನದ ಮೇಲೆ ಬಂದ ನಗು ಅದು.

ನೋವು ಶುರುವಾದದ್ದು ಒಂದು ಬೆಳಿಗ್ಗೆ. ಪಾದ್ರಿಗಳು ಹೆರುವವರನ್ನು ಕಾಯುವ ಸಂತ ಮಾರ್ಗರೆಟಳ ಸೊಂಟಪಟ್ಟಿ ಕಳಿಸಿದರು, ಅದನ್ನು ಹವೀಸಳ ಹೊಟ್ಟೆಗೆ ಸುತ್ತಿದೆ. ಹೆರಿಗೆ ಸಲೀಸಾಗಲೆಂದು ಸಂಪ್ರದಾಯದಂತೆ ಕೋಣೆಯ ಪೆಟ್ಟಿಗೆಗಳ ಬಾಯಿ ತೆರೆದೆವು, ಗಂಟುಗಳನ್ನೆಲ್ಲ ಬಿಚ್ಚಿದೆವು. ಒಳಗೆ ನಾವು ಮೂವರೇ: ಹವೀಸ್, ನಾನು, ರೊಹೇಸ್. ಮೂಲೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಬಾಗಿಲಾಚೆ ಸಾಕ್ಷಿಗೆಂದು ನಾಲ್ವರು ಸರದಾರರು ಬಂದು ನಿಂತರು. ಅವರಲ್ಲಿ ಹಿರಿಯ ಸೇರ್‌ಲೋ, ಭಾನುವಾರದ ಪ್ರಾರ್ಥನೆ ತಪ್ಪಿಸದ ಸಾಧು ಮುದುಕ.

ಮಧ್ಯಾಹ್ನ ಕಳೆಯಿತು. ಹವೀಸಳ ಕೂಗು ಕಂಬಳಿಗಳಲ್ಲಿ ಹೂತು ಹೋಗುತ್ತಿತ್ತು. ಇಳಿಹೊತ್ತಿಗೆ ಮಗು ನನ್ನ ಕೈಗೆ ಬಂತು. ಹೆಣ್ಣು. ಬೆಕ್ಕಿನ ಮರಿಯಂತೆ ಒಮ್ಮೆ ಕುಯ್ ಎಂದಿತು.

‘ಅತ್ತಿತು!’ ರೊಹೇಸ್ ಬಾಗಿಲ ಕಂಬಳಿಗೆ ಬಾಯಿಟ್ಟು ಕಿರುಚಿದಳು. ‘ಸೇರ್‌ಲೋ! ಕೇಳಿಸ್ತಾ?’

ಬಹಳ ಹೊತ್ತಿಗೆ ಆಚೆಯಿಂದ ಸಣ್ಣಗೆ ಉತ್ತರ ಬಂತು. ‘ಏನಂದ್ರಿ ಅಮ್ಮಾವ್ರೇ?’

‘ಮಗು ಅತ್ತಿತು ಕಣಯ್ಯಾ! ಕೇಳಿಸ್ತು ಅನ್ನು!’

‘ನಮಗೇನೂ ಕೇಳಿಸ್ಲಿಲ್ವೇ. ನಿಮ್ಮ ಗಂಟಲೇ ಅರ್ಧಂಬರ್ಧ ಕೇಳಿಸ್ತಿದೆ.’

‘ಕೇಳಿಸ್ತು ಅಂತ ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?’

‘ಪವಿತ್ರ ಗ್ರಂಥ ಮುಟ್ಟಿ ಹೇಳ್ಬೇಕಲ್ಲ ತಾಯಿ. ಸಾಯೋ ವಯಸ್ಸಲ್ಲಿ ನರಕ ಯಾಕೆ ಕಟ್ಕೊಳ್ಲಿ? ಕೇಳಿದ್ರೆ ಕೇಳ್ತು ಅಂತೀನಿ.’

ನಾನು ಹವೀಸಳ ಮುಖ ನೋಡಿದೆ. ಬೆವರಿನಲ್ಲಿ ತೊಯ್ದು ತುಟಿಯೆಲ್ಲ ಕಚ್ಚಿಕೊಂಡಿದ್ದವಳು ನಗುತ್ತಿದ್ದಳು. ಗೆದ್ದಿದ್ದಳು ನನ್ನ ಹುಡುಗಿ. ಕೊರ್ವಾಲ್ ಮನೆತನ ಇಷ್ಟು ತಲೆಮಾರಿನಲ್ಲಿ ಮೊದಲ ಬಾರಿ ಒಬ್ಬ ಹೆಣ್ಣಿನ ಕೈಯಲ್ಲಿ ಸೋತಿತ್ತು, ಅದೂ ತನ್ನದೇ ಕಂಬಳಿಗಳಿಂದ. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಆಗ ಮಗುವಿನ ಕಡೆ ನೋಡಿದೆ. ತುಟಿ ನೀಲಿಗಟ್ಟುತ್ತಿತ್ತು. ಎದೆ ಒಮ್ಮೆ ಎದ್ದು, ಆಮೇಲೆ ಏಳಲೋ ಬೇಡವೋ ಎಂಬಂತಿತ್ತು. ಕೋಣೆಯೊಳಗೆ ಇದ್ದಿಲ ಹೊಗೆ ಬೆಳಗಿನಿಂದ ತುಂಬಿ ಕೂತಿತ್ತು. ನಮ್ಮ ತಲೆಯೇ ಸುತ್ತುತ್ತಿತ್ತು, ನೋವಿನ ಗಡಿಬಿಡಿಯಲ್ಲಿ ಗೊತ್ತಾಗಿರಲಿಲ್ಲ ಅಷ್ಟೇ. ಹೊಸದಾಗಿ ಲೋಕಕ್ಕೆ ಬಂದ ಜೀವಕ್ಕೆ ಎಳೆದುಕೊಳ್ಳಲು ಅಲ್ಲಿ ಗಾಳಿಯೇ ಇರಲಿಲ್ಲ.

ನನಗೆ ಅರ್ಥವಾಯಿತು. ಆದರೆ ಕೈ ಏಳಲಿಲ್ಲ. ನಾನು ಹಾಲು ಕೊಟ್ಟದ್ದು ಹವೀಸಳಿಗೆ, ಈ ಮಗುವಿಗಲ್ಲ. ಕಿಟಕಿ ತೆಗೆದರೆ ಇದು ಬದುಕುತ್ತದೆ, ಅಂಗಳ ತುಂಬುವಂತೆ ಅಳುತ್ತದೆ, ನನ್ನ ಹುಡುಗಿಯ ಕಥೆ ಮುಗಿಯುತ್ತದೆ. ಯಾರು ಏನಾದರೂ ಅಂದುಕೊಳ್ಳಲಿ, ಆ ಗಳಿಗೆ ಮತ್ತೆ ಬಂದರೂ ನನ್ನ ಕೈ ಏಳುವುದಿಲ್ಲ.

‘ದಾದಮ್ಮ, ಯಾಕೆ ಸುಮ್ಮನಾಯ್ತು?’

ನಾನು ಮಗುವನ್ನು ಅವಳಿಗೆ ಕಾಣದಂತೆ ಆಚೆ ತಿರುಗಿಸಿಕೊಂಡೆ.

‘ಕೊಡು ಇಲ್ಲಿ.’

ಕೊಟ್ಟೆ. ಅವಳು ಮಗುವಿನ ಮುಖ ನೋಡಿದಳು. ನನ್ನನ್ನು ನೋಡಿದಳು. ಕಿಟಕಿ ನೋಡಿದಳು. ನಾನು ಬೇಡ ಎಂದು ತಲೆಯಾಡಿಸಿದೆ. ಅಷ್ಟು ತಿಂಗಳು ಕೂತು ಲೆಕ್ಕ ಹಾಕಿದವಳು ಆಗ ಯಾವ ಲೆಕ್ಕವನ್ನೂ ಹಾಕಲಿಲ್ಲ. ಮಗುವನ್ನು ಎದೆಗೆ ಅವಚಿಕೊಂಡು ಮಂಚದಿಂದ ಇಳಿದಳು. ಕಾಲಗುಂಟ ರಕ್ತ ಸುರಿಯುತ್ತಿದ್ದಂತೆಯೇ ಗೋಡೆ ಹಿಡಿದು ಹೋಗಿ, ಒಂದೇ ಕೈಯಲ್ಲಿ ಕುರಿತೊಗಲನ್ನು ಜಗ್ಗಿದಳು. ಮೊಳೆ ಕಿತ್ತು ಬಂದವು, ಉಗುರೂ ಕಿತ್ತಿತು. ಕಿಟಕಿಯ ಹಲಗೆಯನ್ನು ಭುಜದಿಂದ ನೂಕಿದಳು. ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಮಗುವನ್ನು ಬೋರಲು ಮಾಡಿ ಬೆನ್ನಿಗೆ ಬಲವಾಗಿ ಹೊಡೆದಳು.

‘ಅಳು,’ ಎಂದಳು. ‘ಅಳೇ ನನ್ನ ಕಂದಾ. ಅಳು, ಅಳು.’

ಅತ್ತಿತು. ಏನು ಗಂಟಲು! ಅಂಗಳದ ಕುದುರೆಗಳು ಕಿವಿ ನಿಮಿರಿಸಿದವು. ಬಾವಿಕಟ್ಟೆಯಲ್ಲಿದ್ದ ಗಂಡಸರು ಟೋಪಿ ಮೇಲೆ ಹಾರಿಸಿದರು. ಬಾಗಿಲಾಚೆಯ ನಾಲ್ವರು ಅಂಗಳಕ್ಕೆ ಓಡಿ ಕಿಟಕಿಯ ಕೆಳಗೆ ನಿಂತರು. ‘ಕೇಳಿಸ್ತು ಅಮ್ಮಾವ್ರೇ, ಚೆನ್ನಾಗಿ ಕೇಳಿಸ್ತು! ದೇವರು ಒಳ್ಳೇದು ಮಾಡ್ಲಿ!’ ಎಂದು ಸೇರ್‌ಲೋ ಆನಂದದಿಂದ ಕೂಗಿದ. ಪಾಪ, ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ರೊಹೇಸ್ ನಗಲಿಲ್ಲ. ಕಿತ್ತು ಬಿದ್ದ ತೊಗಲನ್ನೂ ಸೊಸೆಯ ರಕ್ತದ ಬೆರಳುಗಳನ್ನೂ ನೋಡುತ್ತ ನಿಂತಿದ್ದಳು. ಕಂಬಳಿಗಳ ಗುಟ್ಟು ಆಗಲೇ ಅವಳಿಗೆ ಹೊಳೆದಿರಬೇಕು.

‘ಹುಚ್ಚಿ,’ ಎಂದಳು ಮೆಲ್ಲಗೆ. ‘ಗೆದ್ದಾಗಿತ್ತಲ್ಲೇ ನೀನು.’

ಹವೀಸ್ ನೆಲದಲ್ಲೇ ಕೂತು ಮಗುವಿನ ಬಾಯಿಗೆ ಮೊಲೆ ಕೊಟ್ಟಳು. ‘ಅತ್ತೆ, ನೀವೂ ಇದೇ ಮಂಚದಲ್ಲಿ ಹೆತ್ತವರು. ಮಾವನವರ ಇಬ್ಬರು ಹೆಂಡತಿಯರು ಹೋದ್ರು. ನೀವು ಹೇಗೆ ಉಳಿದ್ರಿ?’

ರೊಹೇಸ್ ಬಾಗಿಲ ಕಡೆ ಒಮ್ಮೆ ನೋಡಿದಳು. ಎಷ್ಟೋ ವರ್ಷದಿಂದ ಯಾರೂ ಕೇಳದ ಪ್ರಶ್ನೆಯಿರಬೇಕು ಅದು.

‘ನಾನು ಬೇಯಿಸದ್ದನ್ನ ನಾನು ತಿನ್ನಲಿಲ್ಲ,’ ಎಂದಳು. ‘ಅವನು ಸಾಯೋವರೆಗೂ. ಹಬ್ಬದ ದಿನಾನೂ.’ ಮಗುವನ್ನು ಗಂಡಸರಿಗೆ ತೋರಿಸಲು ಕೈ ಚಾಚಿದವಳು, ಏನನ್ನಿಸಿತೋ, ಹಾಗೇ ಬಿಟ್ಟು ಹೊರಟುಹೋದಳು. ಅವಳ ಮೇಲೆ ನನಗೆ ಕನಿಕರವಾದದ್ದು ಆಗೊಮ್ಮೆ ಮಾತ್ರ. ಒಂದು ಮಾತು ಹೇಳಿದಳು, ಆದರೆ ಮಗನ ಕೈ ಹಿಡಿದು ತಡೆಯುವ ಮಾತನ್ನು ಹೇಳಲಿಲ್ಲ.

ನಮಗೆ ಪ್ರತ್ಯೇಕ ಒಲೆ ಕೊಡಲು ಹಾಮೊ ಒಪ್ಪಲಿಲ್ಲ. ಮನೆಯೊಡತಿ ಬೇರೆ ಬೇಯಿಸಿಕೊಂಡರೆ ಜನ ಏನಂದಾರು ಎಂದ. ಹಾಗಾಗಿ ಹವೀಸಳ ತಟ್ಟೆ ಬಂದೊಡನೆ ಮೊದಲ ತುತ್ತು ನಾನು ತಿನ್ನುತ್ತೇನೆ. ರೊಟ್ಟಿ, ಉಪ್ಪು ಮೀನು, ಬಾರ್ಲಿ ಗಂಜಿ, ಎಲ್ಲವನ್ನೂ. ‘ದಾದಿಗೆ ವಯಸ್ಸಾದ ಹಾಗೆ ಹಸಿವು ಜಾಸ್ತಿಯಾಗ್ತಿದೆ,’ ಎಂದು ಹಾಮೊ ಮೇಜಿನಾಚೆಯಿಂದ ನಗುತ್ತಾನೆ. ಹೌದು ಒಡೆಯರೇ, ಈ ಮನೆಯ ಅನ್ನವೇ ಹಾಗೆ, ಎನ್ನುತ್ತೇನೆ. ನದಿಯಾಚೆಯ ವಿಧವೆ ಇನ್ನೂ ಮದುವೆಯಾಗಿಲ್ಲ. ಅವನಿಂದ ಅವಳಿಗೆ ಹಬ್ಬಹಬ್ಬಕ್ಕೂ ಉಡುಗೊರೆ ಹೋಗುತ್ತಿದೆ.

ತುತ್ತು ನುಂಗಿ ನಾನು ಸುಮ್ಮನೆ ಕೂರುತ್ತೇನೆ. ಹವೀಸ್ ನನ್ನ ಮುಖ ನೋಡುತ್ತ ಕೂರುತ್ತಾಳೆ. ಮಗುವಿಗೀಗ ಹಲ್ಲು ಬಂದಿದೆ, ಅಮ್ಮನ ತಟ್ಟೆಯಿಂದಲೇ ತಿನ್ನಬೇಕೆಂದು ಹಟ. ಬಾಯಿ ತೆರೆದು, ಮೇಜು ಬಡಿದು, ಕೊಡು ಕೊಡು ಎಂದು ಅಳುತ್ತದೆ. ಇರು ಕಂದಾ, ದಾದಮ್ಮನಿಗೆ ಏನೂ ಆಗಲಿಲ್ಲವಾ ನೋಡೋಣ, ಎಂದು ಅವಳು ಅದರ ಕೈ ಹಿಡಿದು ಕೂರಿಸುತ್ತಾಳೆ. ಊಟವೆಂದರೆ ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆಂದು ಮಗು ತಿಳಿದುಕೊಂಡಿದೆ.