ತೊಳೆಯದ ಮರಳು

ಲಾಂಡ್ರಿ ಮುಚ್ಚಿದ ಮೇಲೆ ನನ್ನ ಮೈದುನ ನಮ್ಮಲ್ಲೇ ಬಂದು ಇದ್ದಾನೆ. ಬದುಕೆಲ್ಲ ಊರಿನವರ ಬಟ್ಟೆಯ ಕಲೆ ತೆಗೆದ ಮನುಷ್ಯ. ನಾವು ಕುಡಿದು ಕೆಳಗಿಡುವಷ್ಟರಲ್ಲಿ ಲೋಟ ಮಾಯ. ತೊಳೆದು ಬೋರಲು ಹಾಕಿರುತ್ತಾನೆ. ನನ್ನ ಸೊಸೆ ಅವನಿಗಿಟ್ಟ ಹೆಸರು ‘ಚೊಕ್ಕಟ ಮಾವ’. ಅವನೆದುರೇ ಹಾಗೆ ಕರೆಯುತ್ತಾಳೆ, ಅವನಿಗೂ ಅದು ಇಷ್ಟ.

ಕೈಗೆ ಕೆಲಸವಿಲ್ಲದೆ ಅವನು ಸೊರಗುತ್ತಿದ್ದುದನ್ನು ಕಂಡು, ಉಪ್ಪುನೀರಿನ ಅಕ್ವೇರಿಯಂ ಇಡೋಣ ಅಂತ ಮಾತೆತ್ತಿದವಳೂ ಅವಳೇ. ಮೂವರೂ ಅಂಗಡಿಗೆ ಹೋದೆವು. ಅಲ್ಲಿ ಒಂದು ಮೀನಿನ ಮುಂದೆ ನಿಂತವನು ಕದಲಲೇ ಇಲ್ಲ. ಬೆರಳುದ್ದದ, ನಿಂಬೆಹಣ್ಣಿನ ಬಣ್ಣದ ಮೀನು. ಇವನು ಗಾಜಿನ ಮೇಲೆ ಬೆರಳು ಸರಿಸಿದತ್ತ ಅದೂ ಸರಿಯುತ್ತಿತ್ತು.

“ಇವನೇ ಬೇಕು.”

“ಆಗಲಿ. ಟ್ಯಾಂಕಿನ ತಳಕ್ಕೆ ಏನು ಹಾಕ್ತೀರಿ?” ಅಂಗಡಿಯಾಕೆ ಕೇಳಿದಳು.

ಅವನಾಗಲೇ ಹವಳದ ಚೂರಿನ ಚೀಲ ಎತ್ತಿಕೊಂಡಿದ್ದ. ಕಡಲೆಕಾಳಿನ ಗಾತ್ರದ ಬಿಳಿ ಚೂರುಗಳು. “ಇದು. ಆಗಾಗ ತೆಗೆದು ತಿಕ್ಕಿ ತೊಳೀಬಹುದು.”

“ಇದರಲ್ಲಿ ಅವನು ಮಲಗೋದು ಹೇಗೆ?”

“ಮೀನು ಮಲಗುತ್ತಾ?”

“ಕತ್ತಲಾದರೆ ತಲೆ ತೂರಿಸಿ ಮರಳೊಳಗೆ ಹೋಗಿಬಿಡ್ತಾನೆ. ಹೆದರಿದರೂ ಅಷ್ಟೇ. ಈ ಚೂರುಗಳಿಗೆ ನುಗ್ಗಿದರೆ ಮೂತಿ, ಮೈಯೆಲ್ಲ ಗೀರು. ಗಾಯವಾದರೆ ಉಳಿಯೋದು ಕಷ್ಟ.” ಆಕೆ ಇನ್ನೊಂದು ಚೀಲ ತಂದಿಟ್ಟಳು. ಸಣ್ಣ ರವೆಯಂಥ ಬಿಳಿ ಮರಳು, ಇನ್ನೂ ಒದ್ದೆ. “ಇದನ್ನ ನಾಲ್ಕು ಬೆರಳು ದಪ್ಪಕ್ಕೆ ಹರಡಿ. ಆದರೆ ತೊಳೀಬೇಡಿ. ನೀರನ್ನ ಹದದಲ್ಲಿಡೋ ಸೂಕ್ಷ್ಮಜೀವಿಗಳು ಇದರಲ್ಲಿವೆ, ನಲ್ಲಿ ನೀರಿಗೆ ಸತ್ತುಹೋಗ್ತವೆ.”

ಮೈದುನನ ಮುಖ ನೋಡಬೇಕಿತ್ತು. “ತೊಳೀದೇ? ಹಾಗೇ?”

“ಹಾಗೇ. ಒಂದೆರಡು ದಿನ ನೀರು ಕದಡಿರುತ್ತೆ, ತಾನೇ ತಿಳಿಯಾಗುತ್ತೆ.”

ಅವನು ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಮೀನಿನ ಕಡೆ ನೋಡಿದ. ಆಮೇಲೆ ಚೂರಿನ ಚೀಲವನ್ನು ತೆಗೆದಲ್ಲೇ, ಅಂಚು ನೇರ ಮಾಡಿ ಇಟ್ಟ.

ಮನೆಯಲ್ಲಿ ಮರಳು ಸುರಿಯುವ ಹೊತ್ತಿಗೆ ಪಕ್ಕದಲ್ಲಿ ಬಕೆಟ್ ಪ್ರತ್ಯಕ್ಷ. “ಒಂದೇ ಸಲ ಜಾಲಾಡಿಸಿಬಿಡ್ಲಾ ಅತ್ತಿಗೆ?”

“ಮುಟ್ಟು, ನೋಡ್ತೀನಿ!”

ಸುರಿದ. ನೀರು ಅಕ್ಕಿ ತೊಳೆದ ನೀರಿನಂತಾಯಿತು. ಅವನು ಅದರ ಮುಂದೆ ಹೋಗುವುದು, ನಿಟ್ಟುಸಿರು ಬಿಡುವುದು, ಮತ್ತೆ ಹೋಗುವುದು. ಕೆಲಸದಿಂದ ಬಂದ ಸೊಸೆ ಚಪ್ಪಲಿ ಬಿಟ್ಟವಳೇ ಒಂದು ಹೊದಿಕೆ ತಂದು ಟ್ಯಾಂಕಿಗೆ ಇಳಿಬಿಟ್ಟಳು. “ಧೂಳು ಬೀಳಬಾರದಲ್ಲ ಮಾವ” ಎಂದಳು. ಟ್ಯಾಂಕಿಗೆ ಗಾಜಿನ ಮುಚ್ಚಳ ಇತ್ತು. ನಾನು ಹೊದಿಕೆಯ ಇನ್ನೊಂದು ತುದಿ ಎಳೆದು, ಕದಡಿದ ನೀರು ಕಾಣದಂತೆ ಮಾಡಿದೆ.

ನೀರು ತಿಳಿಯಾಗಿ, ಹದಕ್ಕೆ ಬರಲು ಕೆಲವು ವಾರ ಕಾದು, ಕೊನೆಗೆ ಅಂಗಡಿಯಲ್ಲೇ ಬಿಟ್ಟುಬಂದಿದ್ದ ಆ ಮೀನನ್ನು ತಂದೆವು. ಬಿಟ್ಟ ಕೂಡಲೇ ಅದು ಸರ್ರನೆ ಮರಳಿಗೆ ನುಗ್ಗಿತು. ಮಾರನೆಯ ದಿನ ಹೊರಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅಂಗಡಿಯಾಕೆ ಫೋನಿನಲ್ಲಿ, “ಹೊಸ ಜಾಗ, ವಾರವಾದರೂ ಒಳಗಿರಬಹುದು. ಕೆದಕಬೇಡಿ, ಇನ್ನಷ್ಟು ಹೆದರ್ತಾನೆ” ಎಂದಳು. ಮೈದುನ ಹೂಂ ಅಂದ. ಮರುದಿನ ಸಂಜೆ ನೋಡಿದರೆ ಉದ್ದ ಹಿಡಿಯ ಸೌಟು ಹಿಡಿದು ಟ್ಯಾಂಕಿನ ಮುಂದೆ ನಿಂತಿದ್ದಾನೆ.

“ಸತ್ತಿದ್ದಾನೆ ಅತ್ತಿಗೆ. ಒಳಗೇ ಕೊಳೀತಿದ್ದಾನೆ. ಆ ಚೂರು ಹಾಕಿದ್ದರೆ ಕಣ್ಣಿಗಾದರೂ ಕಾಣ್ತಿದ್ದ.”

“ಸತ್ತಿದ್ದರೆ ನೀರು ನಾರ್ತಿತ್ತು. ಮೂಸಿ ನೋಡು.”

ಮೂಸಿದ. ಸೌಟನ್ನು ಮಾತ್ರ ಕೆಳಗಿಡಲಿಲ್ಲ.

“ನೀನು ಈ ಮನೆಗೆ ಬಂದ ಹೊಸದರಲ್ಲಿ ಎಷ್ಟು ದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ, ನೆನಪಿದೆಯಾ? ನಾವೇನು ಸೌಟು ಹಿಡ್ಕೊಂಡು ಬಂದ್ವಾ?”

ಅವನು ನನ್ನನ್ನೇ ನೋಡಿದ. ಬಾಗಿಲ ಹೊರಗೆ ತಟ್ಟೆ ಇಟ್ಟು ಸದ್ದಿಲ್ಲದೆ ಹೋಗುತ್ತಿದ್ದ ಸೊಸೆ ಅವನಿಗೂ ನೆನಪಾದಳೇನೋ. ನಕ್ಕು ಸೌಟು ನನ್ನ ಕೈಗಿತ್ತ.

“ತೊಳೆದಿದೆ” ಎಂದ.

ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. “ಅತ್ತಿಗೆ!” ಎಂದು ನನ್ನನ್ನೂ, “ನೀನೂ ಬಾಮ್ಮಾ!” ಎಂದು ಸೊಸೆಯನ್ನೂ ಕೂಗಿದ. ಸೊಸೆ ಬಾಚಣಿಗೆ ಕೈಯಲ್ಲೇ ಹಿಡಿದು ಓಡಿ ಬಂದಳು. ಮೀನು ಬೆನ್ನ ಮೇಲೆ ನಾಲ್ಕು ಕಾಳು ಮರಳು ಹೊತ್ತು ಬೆಳಕಲ್ಲಿ ತೇಲುತ್ತಿತ್ತು. ಮೈಮೇಲೆ ಒಂದು ಗೀರೂ ಇಲ್ಲ. ಹಾಕಿದ ಆಹಾರವನ್ನು ಗಬಕ್ಕನೆ ನುಂಗಿತು. ಗಾಜಿನವರೆಗೆ ಬಂದು ಅವನ ಬೆರಳನ್ನು ನೋಡಿತು. ಆಮೇಲೆ, ಯಾವ ಸಂಕೋಚವೂ ಇಲ್ಲದೆ, ಆ ಬಿಳಿ ಮರಳಿನ ಮೇಲೆ ದಾರದೆಳೆಯಂಥ ಹಿಕ್ಕೆ ಬಿಟ್ಟಿತು.

“ಗಲೀಜು ಮಾಡಿದ ನೋಡಿ!” ಮೈದುನನ ಮುಖ ಅರಳಿತ್ತು.

“ತೆಗೆದುಬಿಡ್ಲಾ ಮಾವ?” ಎಂದಳು ಸೊಸೆ, ನನ್ನತ್ತ ಕಣ್ಣು ಮಿಟುಕಿಸುತ್ತ.

“ಇರಲಿ ಬಿಡಮ್ಮ. ಈಗ ತಾನೇ ಎದ್ದಿದ್ದಾನೆ.”