ದೀಪದ ಪಾಳಿ

ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದವರು ಕಾಲು ತೊಳೆದು, ದೀಪ ನೋಡಿ ಒಳಗೆ ಹೋಗಬೇಕೆಂದು ಬಾಗಿಲಲ್ಲಿ ಬಗ್ಗಿದರೆ, ನಡುಮನೆಯಲ್ಲಿ ದೀಪವೇ ಉರಿಯುತ್ತಿಲ್ಲ. ಹಣತೆಯ ತುಂಬ ಎಣ್ಣೆಯಿದೆ, ಬತ್ತಿ ಮಾತ್ರ ಕರ್ರಗಾಗಿ ಬಿದ್ದಿದೆ.

"ಅಯ್ಯೋ ನನ್ ತಮ್ಮ!" ಎಂದು ಚನ್ನಕ್ಕ ಹೊಸ್ತಿಲಲ್ಲೇ ಕುಸಿದಳು. "ಅನ್ನೊಂದು ದಿನ ಉರೀಬೇಕಾದ್ ದೀಪ ಮೂರೇ ದಿನಕ್ಕೆ ಆರೋಯ್ತಲ್ಲೇ ಪಿಳ್ಳಮ್ಮ! ಕತ್ಲಲ್ಲಿ ಅವ್ನು ದಾರಿ ಎಂಗ್ ಕಂಡ್ಕತಾನೆ?"

ಪಿಳ್ಳಮ್ಮ ಹಣತೆಯ ಮುಂದೆ ಬಗ್ಗಿದಳು. ಗಂಡ ಆಂಜಿನಪ್ಪನ ಉಸಿರು ನಿಂತ ಜಾಗದಲ್ಲಿ ಅವಳೇ ಕೈಯಾರೆ ಹಚ್ಚಿದ ದೀಪ ಅದು. ಎರಡು ರಾತ್ರಿ ಕಣ್ಣು ಮುಚ್ಚದೆ ಎಣ್ಣೆ ಹಾಕಿ ಕಾದಿದ್ದಳು. ಗಾಳಿಗೆ ಆರಿದ್ದಲ್ಲ, ಬತ್ತಿಯ ತುದಿಯನ್ನು ಯಾರೋ ಬೆರಳಲ್ಲಿ ಹಿಸುಕಿದ್ದರು. ಆ ಗುರುತು ಅವಳಿಗೆ ಹೊಸದಲ್ಲ. ಫೈರ್ ಸ್ಟೇಷನ್ನಿನಲ್ಲಿ ದುಡಿದಷ್ಟು ವರ್ಷವೂ, ರಿಟೈರಾದ ಮೇಲೂ, ಆಂಜಿನಪ್ಪನದು ಅದೇ ಚಾಳಿ. ಅವಳು ದೇವರಿಗೆ ದೀಪ ಹಚ್ಚಿ ಅಡುಗೆಮನೆಗೆ ಹೋಗುವುದೇ ತಡ, ಬೆರಳು ಒದ್ದೆ ಮಾಡಿಕೊಂಡು ಬಂದು ಚುಯ್ ಎನ್ನಿಸಿಬಿಡುತ್ತಿದ್ದ. "ಬೆಂಕಿ ಆರ್ಸೋದ್ನ ಸ್ಟೇಷನ್ನಲ್ಲಿ ಮಡಿಕ್ಕ. ನನ್ ದೇವ್ರ ತಾವ ಯಾಕ್ ಬತ್ತೀಯ?" ಎಂದು ಜಗಳಕ್ಕೆ ನಿಂತರೆ ನಗುತ್ತಿದ್ದನೇ ಹೊರತು ಜವಾಬು ಕೊಡುತ್ತಿರಲಿಲ್ಲ. ಭಕ್ತಿಯಿಲ್ಲದ ಮನುಷ್ಯ ಎಂದೇ ಅವಳು ತೀರ್ಮಾನಿಸಿದ್ದಳು. ಅಂಥವನ ದಾರಿಗೆ ಈ ಒಂದು ದೀಪವನ್ನಾದರೂ ನೆಟ್ಟಗೆ ಉರಿಸಬೇಕೆಂದು ಹಟ ತೊಟ್ಟಿದ್ದಳು.

"ನಾನ ಆರಿಸೀನ್ರಿ ಅಮ್ಮಾರ."

ದನಿ ಮಹಾದೇವಿಯದು. ಪಿಳ್ಳಮ್ಮನ ವಠಾರದ ಹತ್ತು ಶೀಟಿನ ಮನೆಗಳಲ್ಲಿ ಕೊನೆಯದರಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಹೆಂಗಸು. ಬೊಮ್ಮಸಂದ್ರದಲ್ಲಿ ಮಾತ್ರೆ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ. ಯೂನಿಫಾರ್ಮನ್ನು ಇನ್ನೂ ಬಿಚ್ಚಿರಲಿಲ್ಲ.

"ಪಾಳಿ ಮುಗಿಸಿ ಬಂದ್ನಿರಿ. ವಠಾರದಾಗ ಒಂದ್ ನರಪಿಳ್ಳಿ ಇಲ್ಲ, ಎಲ್ಲಾರೂ ಸಮಾಧಿಗೆ ಹೋಗ್ಯಾರ. ಇಲ್ಲಿ ದೀಪ ಒಂದ ಉರಿಯಾಕತ್ತಿತ್ತು, ಬಾಜೂಕ ಚಾಪಿ. ಯಾರೂ ಇಲ್ಲದ ಮನ್ಯಾಗ ಬೆಂಕಿ ಬಿಟ್ಟು ಹೋಗಬ್ಯಾಡವಾ ಅಂತ ಅಪ್ಪಾರು ಎಷ್ಟ್ ಸಲ ಬೈದಾರ... ಕೈ ತಾನ ಹೋತ್ರಿ. ಆರಿಸಿ, ಬಾಗಲಾ ಎಳಕೊಂಡು, ಅವರಿಗೆ ಹಾಲೆರ್ಯಾಕ ಓಡಿ ಬಂದೆ."

"ಎಂಥಾ ಕೈಯೇ ನಿಂದು, ಮನೆಹಾಳಿ!" ಚನ್ನಕ್ಕ ಸಿಡಿದಳು. "ಪಿಳ್ಳಮ್ಮ, ಇವ್ಳ ರೂಮು ಇವತ್ತೇ ಖಾಲಿ ಮಾಡ್ಸು."

ಅಂಗಳದಲ್ಲಿ ನಿಂತ ಬಾಡಿಗೆಯವರು ಮಹಾದೇವಿಯ ಹತ್ತಿರಕ್ಕೆ ಸರಿದರು. ದಿನಾ ಬೆಳಗ್ಗೆ ಮನೆಮನೆಗೂ ಬಂದು ಸಿಲಿಂಡರ್ ಮೂಸಿ ನೋಡಿ, "ಪೈಪು ಬಿರುಕು ಬಿಟ್ಟೈತೆ ನೋಡಮ್ಮ" ಎಂದು ತಾನೇ ಹೊಸದು ತಂದು ಹಾಕುತ್ತಿದ್ದ ಮುದುಕ ಆಂಜಿನಪ್ಪನ ಮಾತು ಅದು. ಅದನ್ನು ತಪ್ಪೆನ್ನಲು ಅವರು ತಯಾರಿರಲಿಲ್ಲ.

ಆಂಜಿನಪ್ಪನ ಕೈಕೆಳಗೆ ಕೆಲಸ ಕಲಿತ ದೇವರಾಜ್ ಖಾಕಿಯಲ್ಲೇ ಬಂದಿದ್ದ. ಅವನು ಪಿಳ್ಳಮ್ಮನ ಹತ್ತಿರ ಬಂದ.

"ಅತ್ಗೆ, ಬೇಜಾರ್ ಮಾಡ್ಕೋಬೇಡಿ. ಅಣ್ಣ ಮನೇಲಿ ದೀಪ ಆರಿಸ್ತಾರೆ ಅಂತ ನೀವು ಬೈತಿದ್ರಿ, ಸ್ಟೇಷನ್ನಲ್ಲಿ ಆರ್ಸಿದ್ದು ನಾನಂತೂ ನೋಡೇ ಇಲ್ಲ."

"ಸುಳ್ಳೇಳ್ಬ್ಯಾಡ ಕಣಪ್ಪ."

"ದೇವ್ರಾಣೆ. ಆಯುಧಪೂಜೇಲಿ ಗಾಡಿ ಮುಂದೆ ದೀಪ ಹಚ್ಚಿ ನಾವೆಲ್ಲ ಊಟಕ್ಕೆ ಓಡ್ತಿದ್ವಿ. ಅಣ್ಣ ಮಾತ್ರ ಅದ್ರ ಮುಂದೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಬಿಡೋರು. 'ಬಾರಣ್ಣ, ಒಬ್ಬಟ್ಟು ಖಾಲಿ ಆಯ್ತದೆ' ಅಂದ್ರೆ, 'ನೀವ್ ಉಣ್ರಲಾ, ಎಣ್ಣೆ ಮುಗಿಯೋಗಂಟ ನಾನ್ ಏಳಾಕಿಲ್ಲ' ಅನ್ನೋರು. ಪೂಜಾರಪ್ಪ, ಪೂಜಾರಪ್ಪ ಅಂತ ರೇಗಿಸ್ತಿದ್ವಿ."

ಪಿಳ್ಳಮ್ಮ ಹಣತೆಯನ್ನೇ ನೋಡುತ್ತ ನಿಂತಳು. ಇಷ್ಟು ವರ್ಷದಲ್ಲಿ ಅವಳು ದೇವರಿಗೆ ದೀಪ ಹಚ್ಚಿದ್ದೇ ಹಚ್ಚಿದ್ದು, ಎದ್ದು ಹೋಗಿದ್ದೇ ಹೋಗಿದ್ದು. ಅನ್ನ ಉಕ್ಕುತ್ತಿತ್ತು, ಹಸು ಕೂಗುತ್ತಿತ್ತು, ಮಕ್ಕಳು ಅಳುತ್ತಿದ್ದವು. ಒಂದು ದಿನವಾದರೂ ಅದರ ಮುಂದೆ ಕೂತ ನೆನಪು ಬರಲಿಲ್ಲ.

ಗೂಡಿನಿಂದ ಬೆಂಕಿಪೊಟ್ಟಣ ತೆಗೆದು ಮಹಾದೇವಿಯ ಕೈಗಿಟ್ಟಳು.

"ತಗ, ಹಚ್ಚು."

"ನಾನ್ರೀ?"

"ಆರ್ಸಿದೋಳು ನೀನೇ ತಾನೆ? ಹಚ್ಬುಟ್ಟು ಇಲ್ಲೇ ಕೂತ್ಕ. ನಾನು ಮಿಂದು ಬರೋಗಂಟ ಎದ್ದೀಯ, ಜ್ವಾಕೆ."

"ಶಾಸ್ತ್ರ ಒಪ್ತದೇನೇ?" ಎಂದಳು ಚನ್ನಕ್ಕ.

"ತಪ್ಪಾದ್ರೆ ನನ್ ತಲೆ ಮ್ಯಾಲಿರ್ಲಿ, ಚನ್ನಕ್ಕ."

ಮಹಾದೇವಿ ಚಾಪೆಯನ್ನು ದೂರ ಸರಿಸಿ ಕಡ್ಡಿ ಗೀರಿದಳು. ಎರಡನೆಯ ಕಡ್ಡಿಗೆ ಬತ್ತಿ ಹತ್ತಿಕೊಂಡಿತು.

ದೇವರಾಜ್ ಜೇಬಿನಿಂದ ಪೆನ್ನು ತೆಗೆದ. ಉಳಿದದ್ದು ಎಂಟು ದಿನ, ದೀಪ ಕಾಯಲು ದಿನಕ್ಕೆ ಮೂರು ಪಾಳಿ. ಸ್ಟೇಷನ್ನಿನವರದು ಬೆಳಗ್ಗೆ, ಮನೆಯವರದು ಮಧ್ಯಾಹ್ನ. ಮೂರನೆಯ ಮನೆಯ ಭೀಮಪ್ಪ ಮುಂದೆ ಬಂದು, "ರಾತ್ರಿ ನನಗಿರ್ಲಿ, ಹೆಂಗೂ ನಿದ್ದಿ ಬರಂಗಿಲ್ಲ" ಎಂದ.

"ನಿನಗಾ? ನಿಂತಲ್ಲೇ ಗೊರಕಿ ಹೊಡಿತಿ!" ಎಂದಳು ಅವನ ಹೆಂಡತಿ ಮಲಕವ್ವ. ಮೂರು ದಿನದ ಮೇಲೆ ಆ ಅಂಗಳದಲ್ಲಿ ನಗು ಕೇಳಿಸಿತು.

ಐದನೆಯ ದಿನದ ಮಧ್ಯಾಹ್ನ ಪಿಳ್ಳಮ್ಮ ದೀಪದ ಮುಂದೆ ಕೂತಿದ್ದಳು. ಬೀದಿಯಲ್ಲಿ ಸೊಪ್ಪಿನವಳು ಎರಡು ಸಲ ಕೂಗಿ ಹೋದಳು. ಚನ್ನಕ್ಕ ಊಟಕ್ಕೆ ಕರೆದು ಕರೆದು ಸಾಕಾಗಿ, ಗೊಣಗುತ್ತಲೇ ಎರಡು ತಟ್ಟೆ ಹಿಡಿದು ಬಂದು, ಮಂಡಿ ಹಿಡಿದುಕೊಂಡು ಅವಳ ಪಕ್ಕ ಕೂತಳು. ಇಬ್ಬರೂ ಉಣ್ಣತೊಡಗಿದರು. ತುತ್ತನ್ನು ಸಾರಿಗೆ ಅದ್ದಲು ಬಗ್ಗಿದಾಗ ಚನ್ನಕ್ಕನ ಸೆರಗು ಹಣತೆಯ ಕಡೆ ಜಾರಿತು. ಪಿಳ್ಳಮ್ಮ ಎಡಗೈ ಚಾಚಿ ಅದನ್ನು ಎಳೆದು, ಅವಳ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಮತ್ತೆ ಮುದ್ದೆ ಮುರಿದಳು.